ಎಳೆಯ ಮಕ್ಕಳಿಗೆ ಖಗೋಳ ಪರಿಚಯ: ಗ್ರಾಮ ಪಂಚಾಯಿತಿ ಸದಸ್ಯರಿಗೊಂದು ಅಧ್ಯಯನ ಪಾಠ

2019ರ ಡಿಸೆಂಬರ್ 26ರ ಬೆಳಿಗ್ಗೆ ಸಂಭವಿಸಿದ ಕಂಕಣ ಸೂರ್ಯಗ್ರಹಣವು ಕಾಸರಗೋಡು ಹಾಗೂ ಕೊಡಗಿನ ದಕ್ಷಿಣ ಭಾಗದಲ್ಲಿ ಪೂರ್ಣ ಉಂಗುರವಾಗಿ ಗೋಚರಿಸಿತು. ಅದೇ ಹೊತ್ತಿನಲ್ಲಿ ಕಲಬುರಗಿ ಸಮೀಪದ ಗ್ರಾಮವೊಂದರಲ್ಲಿ, ಅಂಗವೈಕಲ್ಯ ಗುಣವಾಗುವುದೆಂಬ ನಂಬಿಕೆಯಿಂದ, ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಅಳುತ್ತಿದ್ದ ಆ ಮಕ್ಕಳ ಚಿತ್ರಗಳನ್ನು ನಾಡು ನೋಡಿತು. ಆ ತಂದೆತಾಯಿಯರದು ಕ್ರೌರ್ಯವಲ್ಲ, ಹತಾಶೆ. ಆದರೆ ಗ್ರಹಣವೆಂದರೆ ನೆರಳು ಮಾತ್ರ ಎಂಬುದನ್ನು ಬಾಲ್ಯದಲ್ಲಿಯೇ ಕೈಯಾರೆ ಮಾಡಿ ಕಂಡವರಿಗೆ ಇಂತಹ ಸಲಹೆಯನ್ನು ಒಪ್ಪಿಸುವುದು ಸುಲಭವಲ್ಲ. ಅಂಗನವಾಡಿ, ಶಾಲೆ, ಅರಿವು ಕೇಂದ್ರ ಇವೆಲ್ಲವುಗಳೊಡನೆ ನಿತ್ಯ ಸಂಪರ್ಕದಲ್ಲಿರುವ ಸದಸ್ಯರಿಗೆ ಈ ವಿಷಯವು ಸಂಬಂಧಪಡುವುದು ಇಲ್ಲಿಯೇ.

ಉಪಕರಣದಿಂದ ಆರಂಭಿಸುವುದು ಬೇಡ. ಅನುದಾನ ದೊರೆತೊಡನೆ ದೂರದರ್ಶಕ ಖರೀದಿಸುವ ಉತ್ಸಾಹ ಮೂಡುವುದುಂಟು. ಬಳಸಬಲ್ಲವರಿಲ್ಲದಿದ್ದರೆ ಅದು ಬೀರುವಿನಲ್ಲಿ ಧೂಳು ಹಿಡಿಯುತ್ತದೆ. ಒಂದು ಮೀಟರ್ ಉದ್ದದ ನೇರವಾದ ಕೋಲು, ಒಂದು ಹಿಡಿ ಕಲ್ಲುಗಳು, ಬಿಸಿಲು ಬೀಳುವ ಅಂಗಳ ಇಷ್ಟಿದ್ದರೆ ಮೊದಲ ವರ್ಷದ ಪಾಠಕ್ಕೆ ಸಾಕು.

ಬೆಂಗಳೂರು ದಕ್ಷಿಣದ ಚಿಕ್ಕಲಸಂದ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಕಾಲಕ್ಕೆ ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದ, ಹೆಸರಿನಲ್ಲಿಯೇ ಕೆರೆಯನ್ನು ಉಳಿಸಿಕೊಂಡಿರುವ ಈ ಊರು ಈಗ ಮಹಾನಗರದೊಳಗಿದೆ. ಇಲ್ಲಿನ ಅಕ್ಷಾಂಶ ಸುಮಾರು 12.9 ಡಿಗ್ರಿ ಉತ್ತರ. ತಾರಸಿಯ ಮೇಲೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ, ಸೂರ್ಯನು ದಿನದಲ್ಲಿ ಅತಿ ಎತ್ತರಕ್ಕೇರಿದ ಕ್ಷಣದಲ್ಲಿ, ಡಿಸೆಂಬರ್ 21ರಂದು ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚುತ್ತದೆ. ಮಾರ್ಚ್ 21ರ ವೇಳೆಗೆ ಅದು 23 ಸೆಂಟಿಮೀಟರಿಗೆ ಇಳಿಯುತ್ತದೆ. ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 18 ನಿಮಿಷದ ಹೊತ್ತಿಗೆ, ನೆರಳೇ ಇರುವುದಿಲ್ಲ. ಅನಂತರ ನೆರಳು ದಕ್ಷಿಣಕ್ಕೆ ಹೊರಳಿ, ಜೂನ್ 21ರಂದು ಸುಮಾರು 19 ಸೆಂಟಿಮೀಟರ್ ಆಗಿ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಮಾಯವಾಗುತ್ತದೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿರುವ ದೆಹಲಿಯ ಮಕ್ಕಳು ಈ ಶೂನ್ಯ ನೆರಳನ್ನು ತಮ್ಮ ಊರಿನಲ್ಲಿ ಎಂದಿಗೂ ಕಾಣಲಾರರು. ಕರ್ನಾಟಕದ ಪ್ರತಿಯೊಂದು ಊರಿಗೂ ಆ ಭಾಗ್ಯ ವರ್ಷಕ್ಕೆರಡು ಬಾರಿ ಇದೆ: ಹುಬ್ಬಳ್ಳಿಗೆ ಮೇ 2ರ ಸುಮಾರಿಗೆ, ಕಲಬುರಗಿಗೆ ಮೇ 9ರ ಸುಮಾರಿಗೆ. ಮಂಗಳೂರಿಗೆ ಚಿಕ್ಕಲಸಂದ್ರದ ದಿನವೇ, ಆದರೆ ಸುಮಾರು 11 ನಿಮಿಷ ತಡವಾಗಿ. ಇಬ್ಬರು ಮಕ್ಕಳು ಎರಡು ಊರುಗಳಿಂದ ಫೋನಿನಲ್ಲಿ ಮಾತನಾಡುತ್ತ ಈ ವ್ಯತ್ಯಾಸವನ್ನು ಕಂಡುಕೊಂಡರೆ, ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯೆಂಬುದನ್ನು ಅವರಿಗೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಆದುದರಿಂದ ಬೇಸಿಗೆಯ ಪ್ರಯೋಗಕ್ಕೆ ಅರಿವು ಕೇಂದ್ರದ ಅಂಗಳವೇ ತಕ್ಕ ಸ್ಥಳ.

ಐದಾರು ವರ್ಷದ ಮಕ್ಕಳಿಗೆ ಈ ಅಂಕಿಗಳು ಬೇಕಿಲ್ಲ. ಕೋಲಿನ ನೆರಳಿನ ತುದಿಗೆ ಒಂದು ಕಲ್ಲನ್ನಿಟ್ಟು, ಗಂಟೆಯ ನಂತರ ನೆರಳು ಎಲ್ಲಿರಬಹುದೆಂದು ಕೇಳಿ, ಪ್ರತಿಯೊಂದು ಮಗುವೂ ತನಗೆ ತೋಚಿದಲ್ಲಿ ತನ್ನದೊಂದು ಕಲ್ಲನ್ನಿಡಲಿ. ಗಂಟೆಯ ನಂತರ ಎಲ್ಲರೂ ಓಡಿಬರುತ್ತಾರೆ. ಉತ್ತರವನ್ನು ಮೊದಲೇ ಹೇಳಿಬಿಡುವ ಶಿಕ್ಷಕರು ಈ ಓಟವನ್ನೇ ಕಸಿದುಕೊಂಡಂತಾಗುತ್ತದೆ.

ಗಾತ್ರದ ಪಾಠಕ್ಕೆ ರಾಗಿ ಕಾಳು ಉತ್ತಮ. ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಕಾಳು ಭೂಮಿಯಾದರೆ, ಸೂರ್ಯನು ಸುಮಾರು 16 ಸೆಂಟಿಮೀಟರಿನ ಕರ್ಬೂಜ ಹಣ್ಣು. ಎರಡರ ನಡುವಿನ ದೂರ ಸುಮಾರು 18 ಮೀಟರ್. ಚಂದ್ರನು ಕಾಳಿನಿಂದ ನಾಲ್ಕೂವರೆ ಸೆಂಟಿಮೀಟರ್ ದೂರದ ಒಂದು ಚುಕ್ಕಿ. ಮಕ್ಕಳು ಹೆಜ್ಜೆ ಎಣಿಸುತ್ತ ಕರ್ಬೂಜದಿಂದ ಕಾಳಿನವರೆಗೆ ನಡೆದು, ಹಿಂದಿರುಗಿ ನೋಡಲಿ. ಚಂದ್ರನ ಕಲೆಗಳಿಗೆ ಕತ್ತಲೆಯ ಕೋಣೆಯಲ್ಲಿ ಒಂದೇ ಬಲ್ಬು, ಪೆನ್ಸಿಲಿಗೆ ಚುಚ್ಚಿದ ನಿಂಬೆಹಣ್ಣು ಸಾಕು. ಮಗು ಹಣ್ಣನ್ನು ತಲೆಗಿಂತ ತುಸು ಮೇಲೆ ಹಿಡಿದು ತಾನೇ ತಿರುಗಿದರೆ ಅಮಾವಾಸ್ಯೆ, ಬಿದಿಗೆ, ಹುಣ್ಣಿಮೆಗಳೆಲ್ಲ ಕೈಯಲ್ಲಿಯೇ ಮೂಡುತ್ತವೆ. ಭೂಮಿಯ ನೆರಳಿನಿಂದ ಚಂದ್ರ ಸವೆಯುತ್ತಾನೆಂಬ ತಪ್ಪು ಕಲ್ಪನೆ ದೊಡ್ಡವರಲ್ಲಿಯೂ ಇದೆ. ಸದಸ್ಯರು ಸಹ ಒಮ್ಮೆ ಹಣ್ಣು ಹಿಡಿದು ತಿರುಗಿ ನೋಡುವುದು ಒಳಿತು.

ಊರಿನ ಹಿರಿಯ ರೈತರನ್ನು ಮರೆಯಬಾರದು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳನ್ನು ಎಣಿಸುವ ಅವರ ಲೆಕ್ಕ ಖಗೋಳದ್ದೇ. ರೋಹಿಣಿ ಮಳೆಯೆಂದರೆ ಸೂರ್ಯನು ರೋಹಿಣಿ ನಕ್ಷತ್ರದ ಭಾಗದಲ್ಲಿರುವ ಸುಮಾರು 14 ದಿನಗಳು. ಹಾಗಾಗಿ ಆ ಮಳೆಯ ಕಾಲದಲ್ಲಿ ರಾತ್ರಿ ಎಷ್ಟು ಹುಡುಕಿದರೂ ರೋಹಿಣಿ ಕಾಣುವುದಿಲ್ಲ. ಡಿಸೆಂಬರಿನ ಸಂಜೆ ಪೂರ್ವದಲ್ಲಿ ಕೆಂಪಗೆ ಹೊಳೆಯುತ್ತದೆ. ಅದರ ಸಮೀಪದ ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ಚುಕ್ಕಿಗಳೆಂದು ಎಣಿಸುವ ಪಂದ್ಯದಲ್ಲಿ ಬಹುಪಾಲು ಮಕ್ಕಳು ಆರು ಎನ್ನುತ್ತಾರೆ.

ಚಿಕ್ಕಲಸಂದ್ರದ ತಾರಸಿಯಿಂದ ಈ ಎಣಿಕೆ ಕಷ್ಟಸಾಧ್ಯ. ನಗರದ ಬೆಳಕು ಆಕಾಶವನ್ನು ನುಂಗಿದೆ. ಅಲ್ಲಿನ ಮಕ್ಕಳು ತಾರೆಗಳಿಗಾಗಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ತಾರಾಲಯಕ್ಕೆ ಹೋಗಬೇಕು. ಗ್ರಾಮಗಳಲ್ಲಿ ಕತ್ತಲೆ ಇನ್ನೂ ಉಳಿದಿದೆ, ಮತ್ತು ಬೀದಿದೀಪ ಪಂಚಾಯಿತಿಯ ಕೈಯಲ್ಲಿದೆ. ಹೊಸ ದೀಪಗಳನ್ನು ಅಳವಡಿಸುವಾಗ ಬೆಳಕು ಮೇಲಕ್ಕೆ ಚೆಲ್ಲದೆ ನೆಲಕ್ಕಷ್ಟೇ ಬೀಳುವಂತೆ ಮುಚ್ಚಳವಿರುವ ಮಾದರಿಯನ್ನು ಆರಿಸಿದರೆ ರಸ್ತೆಗೂ ಹೆಚ್ಚು ಬೆಳಕು ದೊರೆಯುತ್ತದೆ. ವೀಕ್ಷಣೆಯ ರಾತ್ರಿ ಶಾಲಾ ಮೈದಾನದ ಸುತ್ತಲಿನ ದೀಪಗಳನ್ನು ಒಂದು ಗಂಟೆ ಆರಿಸುವ ಬಗ್ಗೆ ಮುಂಚಿತವಾಗಿ ಡಂಗುರ ಸಾರಿಸಿದರೆ ಗೊಂದಲವಾಗದು.

2027ರ ಆಗಸ್ಟ್ 2, ಸೋಮವಾರ ಸಂಜೆ ರಾಜ್ಯದಲ್ಲಿ ಭಾಗಶಃ ಸೂರ್ಯಗ್ರಹಣವಿದೆ. ಗ್ರಹಣವಿರಲಿ ಇಲ್ಲದಿರಲಿ, ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಎಕ್ಸ್-ರೇ ಫಿಲಂ, ಮಸಿ ಹಿಡಿದ ಗಾಜಿನ ಮೂಲಕವಾಗಲಿ ನೋಡಕೂಡದೆಂಬುದನ್ನು ಮಕ್ಕಳಿಗೆ ಖಡಾಖಂಡಿತವಾಗಿ ತಿಳಿಸಬೇಕು. ಮನೆಯ ಜರಡಿಯನ್ನು ಬಿಸಿಲಿಗೆ ಹಿಡಿದರೆ ಅದರ ಪ್ರತಿಯೊಂದು ತೂತೂ ಎದುರಿನ ಗೋಡೆಯ ಮೇಲೆ ಒಂದೊಂದು ಕಚ್ಚಿದ ಸೂರ್ಯನನ್ನು ಮೂಡಿಸುತ್ತದೆ. ಹೊಂಗೆ ಮರದ ಎಲೆಗಳ ಸಂದಿಯಿಂದ ಬೀಳುವ ಬೆಳಕೂ ಹಾಗೆಯೇ. ಮಕ್ಕಳು ಸೂರ್ಯನಿಗೆ ಬೆನ್ನು ಹಾಕಿ ನಿಂತು ಇದನ್ನು ನೋಡಬೇಕು. ಗ್ರಹಣದ ದಿನ ಅಂಗನವಾಡಿಯ ಆಹಾರ ಅಥವಾ ಶಾಲೆಯ ಬಿಸಿಯೂಟ ನಿಲ್ಲದಂತೆ ಹಿಂದಿನ ವಾರವೇ ಕಾರ್ಯಕರ್ತೆಯರು, ಅಡುಗೆ ಸಿಬ್ಬಂದಿ ಹಾಗೂ ಪೋಷಕರೊಡನೆ ಮಾತನಾಡಿಡುವುದು ಅವಶ್ಯ. ಅದಕ್ಕೂ ಮುನ್ನ ಬರುವ ಮಕ್ಕಳ ಗ್ರಾಮ ಸಭೆಯಲ್ಲಿ ನಿಂಬೆಹಣ್ಣು, ಬಲ್ಬಿನ ಪ್ರಯೋಗವನ್ನು ಮಕ್ಕಳಿಂದಲೇ ಹಿರಿಯರಿಗೆ ಮಾಡಿ ತೋರಿಸಬಹುದು. ಹಗಲಿನಲ್ಲಿ ಸಭೆ ನಡೆಯುವುದಾದರೆ ಒಂದು ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದರಾಯಿತು.