ಜಠರವಿಲ್ಲದ ಮೀನಿನ ಊಟ: ಕಡಲಕುದುರೆಯ ಆಹಾರಕ್ರಮದ ಪಾಠ

(ವಿಷಯ: ವಿಜ್ಞಾನ. ತರಗತಿ: 7 ಮತ್ತು 8. ಅವಧಿ: 2 ಪೀರಿಯಡ್‌ಗಳು)

ಪಾಠದ ಹಿನ್ನೆಲೆ

ಪ್ರಾಣಿಗಳ ಪಚನಕ್ರಿಯೆಯನ್ನು ಬೋಧಿಸುವಾಗ ದನದ ನಾಲ್ಕು ಕೋಣೆಗಳ ಜಠರವನ್ನು ಉದಾಹರಿಸುವುದು ವಾಡಿಕೆ. ಅದರ ಪಕ್ಕದಲ್ಲಿ ಜಠರವೇ ಇಲ್ಲದ ಒಂದು ಜೀವಿಯನ್ನು ಇರಿಸಿದರೆ ದೇಹರಚನೆಗೂ ಆಹಾರಕ್ರಮಕ್ಕೂ ಇರುವ ಸಂಬಂಧ ಮಕ್ಕಳಿಗೆ ಬೇಗ ಸ್ಪಷ್ಟವಾಗುತ್ತದೆ. ಅಂತಹ ಜೀವಿ ಕಡಲಕುದುರೆ. ಆಕಾರದಲ್ಲಿ ಕುದುರೆಯ ಮುಖವನ್ನು ಹೋಲುವ ಇದು ಕಿವಿರುಗಳಿಂದ ಉಸಿರಾಡುವ ಮೀನೇ ಆಗಿದೆ.

ಈ ಪಾಠಕ್ಕೆ ಇನ್ನೊಂದು ಕಾರಣವೂ ಇದೆ. ಕಾಸರಗೋಡಿನಂತಹ ಕರಾವಳಿಯ ಶಾಲೆಗಳಲ್ಲಿ ಮೀನುಗಾರರ ಮಕ್ಕಳು ಕಲಿಯುತ್ತಾರೆ. ಬಲೆಗೆ ಸಿಕ್ಕಿದ ಕಡಲಕುದುರೆಯನ್ನು ಬಾಟಲಿಯ ನೀರಿನಲ್ಲಿಟ್ಟು ಸಾಕಬೇಕೆಂಬ ಆಸೆ ಮಗುವಿಗೆ ಸಹಜ. ಆ ಆಸೆಯ ಹಿಂದೆ ಪ್ರೀತಿಯಿದೆ. ಆದರೆ ಆ ಪ್ರೀತಿಯೇ ಜೀವಿಯ ಸಾವಿಗೆ ಕಾರಣವಾಗುತ್ತದೆ. ಏಕೆಂಬುದನ್ನು ಗದರಿಕೆಯಿಂದಲ್ಲ, ತಿಳಿವಳಿಕೆಯಿಂದ ಮನಗಾಣಿಸುವುದು ಈ ಪಾಠದ ಗುರಿ.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಕಡಲಕುದುರೆಯು ಆಹಾರವನ್ನು ಹಿಡಿಯುವ ಬಗೆಯನ್ನು ವಿವರಿಸುವರು.
2. ಜಠರವಿಲ್ಲದ ಪ್ರಾಣಿಯು ಪದೇ ಪದೇ ತಿನ್ನಬೇಕಾದ ಕಾರಣವನ್ನು ತಿಳಿಸುವರು.
3. ಹೊಟ್ಟೆ ತುಂಬುವುದಕ್ಕೂ ಪೋಷಣೆ ದೊರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು.
4. ಕಡಲಕುದುರೆಯನ್ನು ಕಡಲಿನಿಂದ ತಂದು ಸಾಕಬಾರದೇಕೆ ಎಂಬುದನ್ನು ಕಾರಣಸಹಿತ ಹೇಳುವರು.

ಪದಪರಿಚಯ

ಪಾಠದ ಮುಖ್ಯ ಪದಗಳನ್ನು ಮಕ್ಕಳ ಸುತ್ತಲಿನ ಭಾಷೆಗಳೊಂದಿಗೆ ಜೋಡಿಸುವುದು ಲಾಭದಾಯಕ. ಕನ್ನಡದ ಕುದುರೆ ಮಲಯಾಳದಲ್ಲಿ ಕುದಿರ, ತಮಿಳಿನಲ್ಲಿ ಕುದಿರೈ, ತೆಲುಗಿನಲ್ಲಿ ಗುರ್ರಂ, ಮರಾಠಿಯಲ್ಲಿ ಘೋಡಾ. ಕಡಲಕುದುರೆಯ ಮುಖ್ಯ ಆಹಾರ ಸೀಗಡಿಯ ಜಾತಿಯ ಪುಟ್ಟ ಜೀವಿಗಳು. ಸೀಗಡಿಗೆ ತುಳುವಿನಲ್ಲಿ ಎಟ್ಟಿ, ಮಲಯಾಳದಲ್ಲಿ ಚೆಮ್ಮೀನ್, ತಮಿಳಿನಲ್ಲಿ ಇರಾಲ್, ತೆಲುಗಿನಲ್ಲಿ ರೊಯ್ಯ, ಮರಾಠಿಯಲ್ಲಿ ಕೋಳಂಬಿ ಎಂಬ ಹೆಸರುಗಳಿವೆ. ಮಡಕಶಿರಾ, ಜತ್ತ ಮೊದಲಾದ ಒಳನಾಡಿನ ಶಾಲೆಗಳ ಮಕ್ಕಳು ಕಡಲನ್ನು ಕಂಡಿಲ್ಲದಿರಬಹುದು. ಅಲ್ಲಿ ಮೊದಲು ಚಿತ್ರವನ್ನು ತೋರಿಸಿ, ಸೀಗಡಿಯ ಸ್ಥಳೀಯ ಹೆಸರನ್ನು ಮಕ್ಕಳ ಬಾಯಿಂದಲೇ ಹೇಳಿಸಿ, ಬಳಿಕ ಕನ್ನಡದ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು.

ವಿಷಯ ನಿರೂಪಣೆ

(ಅ) ಕೊಳವೆಯ ಬಾಯಿ. ಕಡಲಕುದುರೆಗೆ ಹಲ್ಲುಗಳಿಲ್ಲ. ಅದರ ಮೂತಿ ಉದ್ದನೆಯ ಕೊಳವೆ. ತುದಿಯಲ್ಲಿ ಚಿಕ್ಕ ಬಾಯಿ. ಅದು ಬಹಳ ನಿಧಾನವಾಗಿ ಈಜುವ ಮೀನು. ಬೇಟೆಯನ್ನು ಅಟ್ಟಿಸಿಕೊಂಡು ಹೋಗಲಾರದು. ಬಾಲವನ್ನು ಕಡಲಹುಲ್ಲಿಗೆ ಸುತ್ತಿಕೊಂಡು ನಿಂತು, ಒಂದನ್ನೊಂದು ಅವಲಂಬಿಸದೆ ತಿರುಗುವ ಎರಡು ಕಣ್ಣುಗಳಿಂದ ಸುತ್ತಲೂ ನೋಡುತ್ತಿರುತ್ತದೆ. ಬೇಟೆ ಸಮೀಪಕ್ಕೆ ಬಂದಾಗ ತಲೆಯನ್ನು ಥಟ್ಟನೆ ಮೇಲಕ್ಕೆತ್ತಿ, ಬಾಯಿಯ ಒಳಗಿನ ಪೊಟರೆಯನ್ನು ಹಿಗ್ಗಿಸಿ, ನೀರಿನೊಡನೆ ಅದನ್ನು ಒಳಕ್ಕೆ ಹೀರುತ್ತದೆ. ಈ ಕ್ರಿಯೆ ಒಂದು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ ಮುಗಿಯುತ್ತದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕುಬ್ಜ ಕಡಲಕುದುರೆಯು ನಿಶ್ಚಲವಾದ ನೀರಿನಲ್ಲಿ ಹತ್ತರಲ್ಲಿ ಒಂಬತ್ತು ಬಾರಿ ಬೇಟೆಯನ್ನು ಹಿಡಿಯುತ್ತದೆ. ಮೂತಿಯ ಸುತ್ತಲಿನ ನೀರು ಕದಡದಂತೆ ಅದರ ತಲೆಯ ಆಕಾರವಿರುವುದೇ ಈ ಯಶಸ್ಸಿನ ಗುಟ್ಟು.

(ಆ) ಜಠರವಿಲ್ಲದ ಒಡಲು. ನುಂಗಿದ ಆಹಾರವನ್ನು ಕೂಡಿಡಲು ಕಡಲಕುದುರೆಗೆ ಜಠರವಿಲ್ಲ. ಆಹಾರ ನೇರವಾಗಿ ಕರುಳಿಗೆ ಸಾಗಿ, ಅಲ್ಲಿ ಸಾಧ್ಯವಾದಷ್ಟು ಜೀರ್ಣವಾಗಿ, ಬೇಗನೆ ಹೊರಬೀಳುತ್ತದೆ. ದನವು ಅವಸರದಲ್ಲಿ ಮೇದು, ನೆರಳಿನಲ್ಲಿ ಮಲಗಿ ಮೆಲುಕು ಹಾಕಬಲ್ಲದು. ಕಡಲಕುದುರೆಗೆ ಅಂತಹ ಉಗ್ರಾಣವಿಲ್ಲ. ಆದುದರಿಂದ ಕಡಲಿನಲ್ಲಿ ಅದು ಹಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಲೇ ಇರುತ್ತದೆ.

(ಇ) ಮನೆಯ ತೊಟ್ಟಿಯಲ್ಲಿ ಊಟ. ಅಮೆರಿಕದಂತಹ ದೇಶಗಳಲ್ಲಿ ಕೆಲವು ಹವ್ಯಾಸಿಗಳು ಮನೆಯ ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಕಡಲಕುದುರೆಗಳನ್ನು ಸಾಕುತ್ತಾರೆ. ಅಲ್ಲಿ ಹೆಚ್ಚಾಗಿ ಕಾಣುವುದು ಅಟ್ಲಾಂಟಿಕ್ ತೀರದ ಹಿಪ್ಪೊಕ್ಯಾಂಪಸ್ ಇರೆಕ್ಟಸ್ ಎಂಬ ಪ್ರಭೇದ. ಬಲ್ಲವರು ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕುದುರೆಗಳನ್ನಷ್ಟೇ ಕೊಳ್ಳುತ್ತಾರೆ. ಕಡಲಿನಿಂದ ಹಿಡಿದು ತಂದವು ಚಲಿಸುವ ಬೇಟೆಯನ್ನು ಮಾತ್ರ ಆಹಾರವೆಂದು ಗುರುತಿಸುತ್ತವೆ. ಸತ್ತ ಸೀಗಡಿ ಮೂತಿಯ ಮುಂದೆಯೇ ಬಿದ್ದಿದ್ದರೂ ಅದನ್ನು ಮುಟ್ಟದೆ ಉಪವಾಸದಿಂದ ಸಾಯುವುದುಂಟು. ತೊಟ್ಟಿಯಲ್ಲಿ ಬೆಳೆದವುಗಳಿಗೆ ಮರಿಯಾಗಿರುವಾಗಲೇ ಹೆಪ್ಪುಗಟ್ಟಿಸಿದ ಮೈಸಿಡ್ ಸೀಗಡಿಯನ್ನು ತಿನ್ನುವ ರೂಢಿಯಾಗಿರುತ್ತದೆ.

ಬೆಳೆದ ಕಡಲಕುದುರೆಗೆ ದಿನಕ್ಕೆ ಎರಡು ಅಥವಾ ಮೂರು ಬಾರಿ ಆಹಾರ ಕೊಡಬೇಕು. ಹೆಪ್ಪುಗಟ್ಟಿದ ಸೀಗಡಿಯನ್ನು ಕರಗಿಸಿ, ತೊಳೆದು, ದೊಡ್ಡ ಡ್ರಾಪರಿನಂತಹ ಸಾಧನದಿಂದ ತೊಟ್ಟಿಯ ತಳದಲ್ಲಿಟ್ಟ ಒಂದು ಚಿಪ್ಪಿನೊಳಕ್ಕೆ ಮೆಲ್ಲನೆ ಬಿಡಲಾಗುತ್ತದೆ. ಆ ವೇಳೆ ನೀರಿನ ಪಂಪನ್ನು ನಿಲ್ಲಿಸುತ್ತಾರೆ. ಇಲ್ಲವಾದರೆ ಆಹಾರ ಹರಿವಿನಲ್ಲಿ ಕೊಚ್ಚಿಹೋಗುತ್ತದೆ. ಕೆಲವು ದಿನಗಳಲ್ಲೇ ಕುದುರೆಗಳು ಚಿಪ್ಪಿನ ಜಾಗವನ್ನು ಗುರುತಿಸಿ, ಊಟದ ವೇಳೆಗೆ ಅದರ ಬಳಿ ಬಂದು ಸೇರುತ್ತವೆ. ಚುರುಕಾಗಿ ಈಜುವ ಬೇರೆ ಮೀನುಗಳನ್ನು ಅದೇ ತೊಟ್ಟಿಯಲ್ಲಿಡಬಾರದು. ಕುದುರೆ ಗುರಿಯಿಡುವಷ್ಟರಲ್ಲಿ ಅವು ಎಲ್ಲವನ್ನೂ ತಿಂದು ಮುಗಿಸುತ್ತವೆ.

ಉಳಿದ ಆಹಾರವನ್ನು ಸುಮಾರು ಒಂದು ಗಂಟೆಯೊಳಗೆ ತೆಗೆದುಹಾಕಬೇಕು. ಕೊಳೆತ ಸೀಗಡಿಯಿಂದ ಅಮೋನಿಯಾ ಉಂಟಾಗುತ್ತದೆ. ಅದು ಮೀನಿಗೆ ವಿಷ. ತೊಟ್ಟಿಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಆದರೆ ಅವುಗಳ ಶಕ್ತಿಗೂ ಮಿತಿಯಿದೆ. ಹೀಗೆ ಪದೇ ಪದೇ ಉಣಿಸಬೇಕು, ನೀರೂ ಕೆಡಬಾರದು ಎಂಬ ಎರಡು ಅಗತ್ಯಗಳ ನಡುವೆ ಸಾಕುವವರ ಎಚ್ಚರ ನಿಂತಿದೆ.

(ಈ) ತುಂಬಿದ ಕರುಳು, ಬಡಕಲು ದೇಹ. ಈ ಭಾಗಕ್ಕೆ ಶಿಕ್ಷಕರು ಹೆಚ್ಚಿನ ಸಮಯ ನೀಡಬೇಕು. ಉಪ್ಪುಸರೋವರಗಳಲ್ಲಿ ಬೆಳೆಯುವ ಆರ್ಟೀಮಿಯಾ ಎಂಬ ಪುಟ್ಟ ಜೀವಿಯನ್ನು ಕಡಲಕುದುರೆ ಆಸೆಯಿಂದ ತಿನ್ನುತ್ತದೆ. ಆದರೆ ಬೆಳೆದ ಆರ್ಟೀಮಿಯಾದಲ್ಲಿ ಕಡಲಮೀನಿಗೆ ಅಗತ್ಯವಾದ ಕೊಬ್ಬಿನಾಮ್ಲಗಳು ತೀರ ಕಡಿಮೆ. ಅದನ್ನೇ ದಿನವೂ ತಿಂದ ಕುದುರೆ ಹಸಿದಂತೆ ಕಾಣದಿದ್ದರೂ ದಿನೇ ದಿನೇ ಕೃಶವಾಗುತ್ತದೆ. ಆದ್ದರಿಂದ ಆರ್ಟೀಮಿಯಾಗಳಿಗೆ ಮೊದಲು ಪೋಷಕಾಂಶಗಳುಳ್ಳ ಆಹಾರವನ್ನು ತಿನ್ನಿಸಿ, ಬಳಿಕ ಅವುಗಳನ್ನು ಕುದುರೆಗೆ ಕೊಡುವ ಕ್ರಮವಿದೆ. ಬರಿಯ ಅನ್ನದಿಂದ ಹೊಟ್ಟೆ ತುಂಬಿದರೂ ಬೇಳೆ, ಸೊಪ್ಪು ಇಲ್ಲದೆ ಮಗು ಸೊರಗುತ್ತದೆಂಬ ಅನುಭವಕ್ಕೆ ಇದನ್ನು ಹೋಲಿಸಬಹುದು.

(ಉ) ಮರಿಗಳ ಹಸಿವು. ಕಡಲಕುದುರೆಗಳಲ್ಲಿ ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಹೊಟ್ಟೆಯ ಚೀಲದಲ್ಲಿ ಹೊತ್ತು ಮರಿಮಾಡುತ್ತದೆ. ಆದರೆ ಹುಟ್ಟಿದ ಮೇಲೆ ತಂದೆಯೂ ತಾಯಿಯೂ ಮರಿಗಳನ್ನು ನೋಡಿಕೊಳ್ಳುವುದಿಲ್ಲ. ಅವು ಹುಟ್ಟಿದ ದಿನದಿಂದಲೇ ತಾವೇ ಬೇಟೆಯಾಡಬೇಕು. ಸಾಕುವವರು ಆಗತಾನೇ ಒಡೆದ ಆರ್ಟೀಮಿಯಾ ಮರಿಗಳನ್ನೋ ಕೋಪಿಪಾಡ್‌ಗಳನ್ನೋ ದಿನಕ್ಕೆ ಹಲವು ಬಾರಿ ಒದಗಿಸುತ್ತಾರೆ. ಇಷ್ಟಾದರೂ ಮರಿಗಳನ್ನು ಉಳಿಸಿಕೊಳ್ಳುವುದು ಅನುಭವಿಗಳಿಗೂ ಕಷ್ಟದ ಕೆಲಸ.

ತರಗತಿಯ ಚಟುವಟಿಕೆ

ಬೇಕಾಗುವ ವಸ್ತುಗಳು: ಅಗಲವಾದ ಪಾತ್ರೆಯಲ್ಲಿ ನೀರು, ಡ್ರಾಪರ್, ಬಳಸಿ ತೊಳೆದ ಚಹಾಪುಡಿ, ಅಳತೆಪಟ್ಟಿ, ಚಮಚ.

ಚಹಾಪುಡಿಯ ಕೆಲವು ಕಣಗಳು ನೀರಿನ ತಳಕ್ಕೆ ಇಳಿಯಲಿ. ಡ್ರಾಪರಿನ ರಬ್ಬರನ್ನು ಒತ್ತಿಹಿಡಿದು ನೀರಿನಲ್ಲಿಳಿಸಿ, ತುದಿಯನ್ನು ಒಂದು ಕಣದಿಂದ 2 ಸೆಂಟಿಮೀಟರ್ ದೂರದಲ್ಲಿರಿಸಿ ರಬ್ಬರನ್ನು ಬಿಡಬೇಕು. ಬಳಿಕ 2 ಮಿಲಿಮೀಟರ್ ದೂರದಿಂದ ಅದನ್ನೇ ಮಾಡಬೇಕು. ಪ್ರತಿ ದೂರಕ್ಕೂ ಹತ್ತು ಪ್ರಯತ್ನಗಳು. ಎಷ್ಟು ಬಾರಿ ಕಣ ಒಳಬಂತೆಂದು ಮಕ್ಕಳೇ ಕೋಷ್ಟಕದಲ್ಲಿ ದಾಖಲಿಸಲಿ. ಕೊನೆಯದಾಗಿ ಚಮಚದಿಂದ ನೀರನ್ನು ತಿರುಗಿಸುತ್ತ ಮತ್ತೆ ಹತ್ತು ಬಾರಿ ಪ್ರಯತ್ನಿಸಲಿ. ಹೀರುವ ಬಲ ತೀರ ಸಮೀಪದಲ್ಲಷ್ಟೇ ನಡೆಯುತ್ತದೆ, ಹರಿಯುವ ನೀರಿನಲ್ಲಿ ಗುರಿ ತಪ್ಪುತ್ತದೆ ಎಂಬ ಎರಡು ನಿರ್ಣಯಗಳಿಗೆ ಮಕ್ಕಳು ತಾವಾಗಿಯೇ ಬರಬೇಕು. ಊಟದ ವೇಳೆಯಲ್ಲಿ ಪಂಪನ್ನು ನಿಲ್ಲಿಸುವುದೇಕೆ ಎಂದು ಆಗ ಕೇಳಿದರೆ ಉತ್ತರ ಅವರಿಂದಲೇ ಬರುತ್ತದೆ.

ಮಕ್ಕಳು ಕೇಳುವ ಪ್ರಶ್ನೆ

“ಟೀಚರೇ, ಹಾಗಾದರೆ ನಾವೂ ಒಂದನ್ನು ಸಾಕಬಹುದೇ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ಕಾನೂನಿನದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ 2001ರಲ್ಲಿ ಕಡಲಕುದುರೆಗಳನ್ನು ಸೇರಿಸಲಾಯಿತು. ಹುಲಿಯಂತೆಯೇ ಅವೂ ಸಂರಕ್ಷಿತ. ಅವುಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರದ ಮೇಲಿನ ನಿಯಂತ್ರಣವು 2004ರಲ್ಲಿ ಜಾರಿಗೆ ಬಂದಿತು.

ಎರಡನೆಯ ಉತ್ತರ ಈ ಪಾಠವೇ. ಬಾಟಲಿಯ ನೀರಿನಲ್ಲಿ ಚಲಿಸುವ ಬೇಟೆಯಿಲ್ಲ, ಹಿಡಿದಿಡಲು ಕಡಲಹುಲ್ಲಿಲ್ಲ, ಅಮೋನಿಯಾವನ್ನು ಕಳೆಯುವ ಬ್ಯಾಕ್ಟೀರಿಯಾಗಳಿಲ್ಲ. ಮಗು ಹಾಕುವ ಅನ್ನದ ಅಗುಳನ್ನೋ ರೊಟ್ಟಿಯ ಚೂರನ್ನೋ ಅದು ಆಹಾರವೆಂದು ತಿಳಿಯದು. ಬಲೆಯಲ್ಲಿ ಜೀವಂತ ಕಡಲಕುದುರೆ ಸಿಕ್ಕಿದರೆ ಕೂಡಲೇ ಕಡಲಿಗೆ ಮರಳಿಸುವುದೇ ಅದಕ್ಕೆ ಮಾಡಬಹುದಾದ ಉಪಕಾರವೆಂದು ಮಕ್ಕಳಿಗೂ, ಅವರ ಮೂಲಕ ಮನೆಯವರಿಗೂ ತಿಳಿಸಬೇಕು. ಶಾಲೆಯ ಸಂಗ್ರಹಕ್ಕೆಂದು ಒಣಗಿದ ಕಡಲಕುದುರೆಯನ್ನು ಶಿಕ್ಷಕರು ತರಿಸಕೂಡದು. ಬೋಧನೆಗೆ ಚಿತ್ರವೇ ಸಾಕು.

ಮೌಲ್ಯಮಾಪನ

1. ದನದ ಮತ್ತು ಕಡಲಕುದುರೆಯ ಪಚನಾಂಗಗಳ ಎರಡು ವ್ಯತ್ಯಾಸಗಳನ್ನು ಬರೆಯಿರಿ.
2. ದಿನಕ್ಕೆ ಮೂರು ಬಾರಿ ಕೊಡಬೇಕಾದ ಆಹಾರವನ್ನೆಲ್ಲ ಬೆಳಗ್ಗೆ ಒಮ್ಮೆಗೇ ಕೊಟ್ಟರೆ ಏನಾಗುತ್ತದೆ? (ಉತ್ತರದಲ್ಲಿ ಕೂಡಿಡಲು ಜಠರವಿಲ್ಲದಿರುವುದು, ಉಳಿದ ಆಹಾರ ಕೊಳೆತು ನೀರು ಕೆಡುವುದು ಎಂಬ ಎರಡೂ ಅಂಶಗಳಿರಬೇಕು.)
3. ದಿನವೂ ಚೆನ್ನಾಗಿ ತಿನ್ನುತ್ತಿದ್ದರೂ ಒಂದು ಕಡಲಕುದುರೆ ಕೃಶವಾಗುತ್ತಿದೆ. ಕಾರಣವೇನಿರಬಹುದು?
4. ಬಲೆಗೆ ಸಿಕ್ಕಿದ ಕಡಲಕುದುರೆಯನ್ನು ಮನೆಗೆ ಒಯ್ಯಬೇಕೆನ್ನುವ ಗೆಳೆಯನಿಗೆ ನೀವು ಹೇಳುವ ಮಾತನ್ನು ಐದು ವಾಕ್ಯಗಳಲ್ಲಿ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ “ಕಾನೂನು ಬಿಡುವುದಿಲ್ಲ” ಎಂದಷ್ಟೇ ಬರೆದವರಿಗೆ ಅರ್ಧ ಅಂಕ ಸಾಕು. ಆ ಜೀವಿ ಹೇಗೆ ತಿನ್ನುತ್ತದೆ, ಏಕೆ ಬಾಟಲಿಯಲ್ಲಿ ಬದುಕಲಾರದು ಎಂಬುದನ್ನು ತಮ್ಮ ಮಾತಿನಲ್ಲಿ ಹೇಳಿದ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು.