ಕರ್ನಲ್ ಕೊಟ್ಟರೆ ಟ್ರಾನ್ಸ್‌ಫರ್ಮೇಶನ್ ಬರೆಯುವುದು ಹೇಗೆ?

ಲೀನಿಯರ್ ಟ್ರಾನ್ಸ್‌ಫರ್ಮೇಶನ್ ಯಾವ ವೆಕ್ಟರ್‌ಗಳನ್ನು ಸೊನ್ನೆಗೆ ಕಳಿಸುತ್ತದೋ ಅವೆಲ್ಲ ಸೇರಿ ಅದರ ಕರ್ನಲ್. ಕರ್ನಲ್ ಕಂಡುಹಿಡಿಯುವ ಲೆಕ್ಕ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ರೂಢಿ. ಪ್ರಶ್ನೆ ತಿರುಗಿ ಬಂದಾಗಲೇ ಪೆನ್ನು ನಿಲ್ಲುವುದು.

ಉದಾಹರಣೆ: 4 ಆಯಾಮದ ಸ್ಪೇಸ್‌ನಿಂದ 3 ಆಯಾಮದ ಸ್ಪೇಸ್‌ಗೆ ಒಂದು ಟ್ರಾನ್ಸ್‌ಫರ್ಮೇಶನ್ ಬೇಕು. (1, 2, 0, 1), (1, 3, 1, 0) ಇವುಗಳ ಸ್ಪ್ಯಾನ್ ಅದರ ಕರ್ನಲ್ ಆಗಿರಬೇಕು.

ಹಂತ 1: ಸಾಧ್ಯವೇ ನೋಡಿ. ರ‍್ಯಾಂಕ್-ನಲಿಟಿ ಪ್ರಮೇಯದಂತೆ ಕರ್ನಲ್‌ನ ಆಯಾಮಕ್ಕೆ ರ‍್ಯಾಂಕ್ ಕೂಡಿಸಿದರೆ 4 ಬರಬೇಕು. ಕೊಟ್ಟ ಎರಡು ವೆಕ್ಟರ್‌ಗಳು ಸ್ವತಂತ್ರ; ಹಾಗಾಗಿ ಕರ್ನಲ್‌ನ ಆಯಾಮ 2, ರ‍್ಯಾಂಕ್ 4 – 2 = 2. ತಲುಪಬೇಕಾದ ಸ್ಪೇಸ್‌ನ ಆಯಾಮ 3 ಇರುವುದರಿಂದ ಜಾಗ ಸಾಕು. ಅದು 1 ಆಗಿದ್ದರೆ ಉತ್ತರವೇ ಇರುತ್ತಿರಲಿಲ್ಲ.

ಹಂತ 2: ಮ್ಯಾಟ್ರಿಕ್ಸ್‌ನ ಒಂದು ಸಾಲು (ಪ, ಫ, ಬ, ಭ) ಇರಲಿ. ಅದು ಎರಡೂ ವೆಕ್ಟರ್‌ಗಳನ್ನು ಸೊನ್ನೆ ಮಾಡಬೇಕು:
ಪ + 2ಫ + ಭ = 0
ಪ + 3ಫ + ಬ = 0
ಅಂದರೆ ಭ = –ಪ – 2ಫ, ಬ = –ಪ – 3ಫ.

ಹಂತ 3: ಪ = 1, ಫ = 0 ಇಟ್ಟರೆ (1, 0, –1, –1). ಪ = 0, ಫ = 1 ಇಟ್ಟರೆ (0, 1, –3, –2). ಬೇಕಾದ ಎರಡು ಸ್ವತಂತ್ರ ಸಾಲುಗಳು ಸಿಕ್ಕವು. ಮೂರನೆಯ ಸಾಲಿಗೆ ಸೊನ್ನೆಗಳನ್ನು ತುಂಬಿ.

ಉತ್ತರ: (ಕ, ಖ, ಗ, ಘ) ಹೋಗುವುದು (ಕ – ಗ – ಘ, ಖ – 3ಗ – 2ಘ, 0) ಎಂಬಲ್ಲಿಗೆ.

ಹಂತ 4: ತಾಳೆ ನೋಡಿ. ಮೊದಲ ವೆಕ್ಟರ್‌ಗೆ 1 – 0 – 1 = 0, 2 – 0 – 2 = 0. ಎರಡನೆಯದಕ್ಕೆ 1 – 1 – 0 = 0, 3 – 3 – 0 = 0. ಇಲ್ಲಿಗೇ ನಿಲ್ಲಿಸಬೇಡಿ. ಎಲ್ಲವನ್ನೂ ಸೊನ್ನೆಗೆ ಕಳಿಸುವ ಟ್ರಾನ್ಸ್‌ಫರ್ಮೇಶನ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಕೊಟ್ಟದ್ದಕ್ಕಿಂತ ಹೆಚ್ಚಿನದೇನೂ ಕರ್ನಲ್‌ಗೆ ಸೇರಿಲ್ಲ ಎನ್ನಲು ರ‍್ಯಾಂಕ್ 2 ಎಂದು ತೋರಿಸಲೇಬೇಕು. ನಮ್ಮ ಮೊದಲೆರಡು ಸಾಲುಗಳು ಸ್ವತಂತ್ರವಾದ್ದರಿಂದ ಅದು ಖಚಿತ.

ಇಮೇಜ್ ಕೂಡ ಕೊಟ್ಟಿದ್ದರೆ ಬೇಸಿಸ್ ದಾರಿ ಸುಲಭ. ಕರ್ನಲ್‌ನ ಎರಡು ವೆಕ್ಟರ್‌ಗಳಿಗೆ (0, 0, 1, 0), (0, 0, 0, 1) ಸೇರಿಸಿದರೆ ಪೂರ್ಣ ಬೇಸಿಸ್ ಆಗುತ್ತದೆ. ಮೊದಲೆರಡನ್ನು ಸೊನ್ನೆಗೆ, ಉಳಿದೆರಡನ್ನು ಇಮೇಜ್‌ನ ಬೇಸಿಸ್ ವೆಕ್ಟರ್‌ಗಳಿಗೆ ಕಳಿಸಿ. ಇಮೇಜ್ ಬೇಸಿಸ್ (1, 0, 0), (0, 1, 0) ಆದರೆ ಬರುವುದು (2ಕ – ಖ + ಗ, –3ಕ + ಖ + ಘ, 0).

ಎರಡು ಉತ್ತರಗಳು ಬೇರೆ, ಕರ್ನಲ್ ಒಂದೇ. ಹಾಗಾಗಿ ಪುಸ್ತಕದ ಕೊನೆಯ ಪುಟದ ಉತ್ತರ ನಿಮ್ಮದಕ್ಕೆ ಹೊಂದದಿದ್ದರೆ ಹೊಡೆದುಹಾಕಬೇಡಿ. ಹಂತ 4 ಮತ್ತೊಮ್ಮೆ ಮಾಡಿ.