ಅಣಬೆ ಕೋಣೆಯ ವಾಸನೆಗೆ ಇದ್ದಲಿನ ಸೋಸುವ ಪೆಟ್ಟಿಗೆ

ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿಯುವ ಸಿಂಧನೂರು ತಾಲ್ಲೂಕಿನಲ್ಲಿ ಭತ್ತದ ಹುಲ್ಲಿಗೆ ಕೊರತೆಯಿಲ್ಲ. ಇದನ್ನು ಗದ್ದೆಯಲ್ಲಿಯೇ ಸುಟ್ಟು ಹಾಳುಮಾಡುವುದಕ್ಕಿಂತ ಅದರ ಮೇಲೆ ಚಿಪ್ಪು ಅಣಬೆಯನ್ನು ಬೆಳೆಯುವುದು ಲಾಭಕರವೆಂದು ತಿಳಿದು, ಗೊರೇಬಾಳದ ಕಡೆಯಲ್ಲಿ ಕೆಲವರು ಮನೆಯ ಒಂದು ಕೋಣೆಯನ್ನೇ ಇದಕ್ಕಾಗಿ ಬಿಟ್ಟಿರುವರು. ಆದರೆ ಗೋಡೆಗೆ ಗೋಡೆ ಹೊಂದಿದ ಓಣಿಗಳಲ್ಲಿ ನೆನೆದ ಹುಲ್ಲಿನ ವಾಸನೆಯು ನೆರೆಯವರಿಗೆ ಅಸಹ್ಯವಾಗಿ, ದೂರು ಊರ ಗೌಡರ ಕಟ್ಟೆಗೆ ಬರುವುದುಂಟು. ಬೆಳೆಯನ್ನು ನಿಲ್ಲಿಸಿರೆಂದು ಹೇಳಿಬಿಡುವುದು ಸುಲಭ. ಆದರೆ ಅದರಿಂದ ಒಂದು ಸಂಸಾರದ ವರಮಾನವು ತಪ್ಪುವುದು. ಅಲ್ಪವೆಚ್ಚದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಂದು ಉಪಾಯವನ್ನು ಇಲ್ಲಿ ವಿವರಿಸಿದೆ.

ಇದ್ದಲಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿರುವುವು. ವಾಸನೆಯ ಅಣುಗಳು ಈ ರಂಧ್ರಗಳ ಗೋಡೆಗೆ ಅಂಟಿ ನಿಲ್ಲುವುವು. ಸ್ಟೆನ್‌ಹೌಸ್ ಎಂಬ ರಸಾಯನಶಾಸ್ತ್ರಜ್ಞನು 1854ರಲ್ಲಿಯೇ ಇದ್ದಲು ತುಂಬಿದ ಮುಖವಾಡವನ್ನು ಮಾಡಿ ತೋರಿಸಿದ್ದನು; ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನಿಂದ ಸೈನಿಕರನ್ನು ಕಾಯಲು ತೆಂಗಿನ ಚಿಪ್ಪಿನ ಇದ್ದಲನ್ನೇ ಬಳಸಿದರು. ಹೆಚ್ಚು ಕಾವಿನಲ್ಲಿ ಉಗಿಯನ್ನು ಹಾಯಿಸಿ ರಂಧ್ರಗಳನ್ನು ಹೆಚ್ಚಿಸಿದ ಇದ್ದಲು ಆಕ್ಟಿವೇಟೆಡ್ ಕಾರ್ಬನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬರುವುದು. ಎಲ್ಲಕ್ಕಿಂತ ಉತ್ತಮವಾದುದು ಅದೇ. ಅದು ದುಬಾರಿಯೆನಿಸಿದವರು ಚೆನ್ನಾಗಿ ಸುಟ್ಟ ಬಳ್ಳಾರಿ ಜಾಲಿಯ ಇದ್ದಲನ್ನಾಗಲಿ ತೆಂಗಿನ ಚಿಪ್ಪಿನ ಇದ್ದಲನ್ನಾಗಲಿ ಉಪಯೋಗಿಸಬಹುದು. ಕೆಲಸವು ನಡೆಯುವುದು, ಆದರೆ ಬೇಗನೆ ಬದಲಾಯಿಸಬೇಕಾಗುವುದು. ಅಕ್ಕಿ ಗಿರಣಿಯಿಂದ ಪುಕ್ಕಟೆಯಾಗಿ ಸಿಕ್ಕುವ ಕಪ್ಪು ಹೊಟ್ಟಿನ ಬೂದಿಯನ್ನು ಮಾತ್ರ ತುಂಬಬೇಡಿರಿ. ಅದರಲ್ಲಿ ಮರಳಿನ ಅಂಶವೇ ಬಹಳ, ಇದ್ದಲು ಸ್ವಲ್ಪ. ಮೇಲಾಗಿ ಅದರ ಧೂಳು ಗಾಳಿಯ ದಾರಿಯನ್ನು ಕಟ್ಟುವುದು.

ಪೆಟ್ಟಿಗೆಯನ್ನು ಮಾಡುವ ಮೊದಲು ವಾಸನೆಯು ಎಲ್ಲಿಂದ ಬರುವುದೆಂದು ನೋಡತಕ್ಕದ್ದು. ಒಳ್ಳೆಯ ಅಣಬೆ ಚೀಲಕ್ಕೆ ಮಂದವಾದ, ಹಿತವಾದ ವಾಸನೆಯಿರುವುದು. ಹುಳಿ ನಾತ ಅಥವಾ ಕೊಳೆತ ಮೊಟ್ಟೆಯ ನಾತ ಬಂದರೆ ಹುಲ್ಲಿನಲ್ಲಿ ನೀರು ಹೆಚ್ಚಾಗಿ ಚೀಲವು ಕೆಟ್ಟಿದೆಯೆಂದು ತಿಳಿಯಬೇಕು. ಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದರೆ ಕೈ ತೇವವಾಗಬೇಕೇ ಹೊರತು ನೀರು ತೊಟ್ಟಿಕ್ಕಬಾರದು. ಹುಲ್ಲು ನೆನೆಸಿದ ನೀರನ್ನು ಕೋಣೆಯ ಬಳಿ ನಿಲ್ಲಿಸದೆ ಅಂದೇ ತಿಪ್ಪೆಗೆ ಚೆಲ್ಲಬೇಕು. ನನ್ನ ಅನುಭವದಲ್ಲಿ ದೂರುಗಳ ಅರ್ಧಭಾಗವು ಇಷ್ಟರಿಂದಲೇ ತೀರಿಹೋಗುವುದು.

ಆದುದರಿಂದ ಪೆಟ್ಟಿಗೆಯು ಹೊರಕ್ಕೆ ಹೋಗುವ ಗಾಳಿಯನ್ನು ಸೋಸತಕ್ಕದ್ದೇ ಹೊರತು ಒಳಗಿನ ಗಾಳಿಯನ್ನಲ್ಲ. ಒಂದು ಮನೆಯಲ್ಲಿ ಫ್ಯಾನನ್ನೂ ಇದ್ದಲನ್ನೂ ಕೋಣೆಯ ಒಳಗೇ ಇಟ್ಟು ಅದೇ ಗಾಳಿಯನ್ನು ಸುತ್ತಿಸುತ್ತಿದ್ದರು. ವಾಸನೆಯೇನೋ ತಗ್ಗಿತು, ಬೆಳೆಯೂ ಅದರೊಡನೆ ಹೋಯಿತು. ಅಣಬೆಯು ಉಸಿರಾಡಿ ಬಿಡುವ ಇಂಗಾಲಾಮ್ಲವನ್ನು ಇದ್ದಲು ತಡೆಯಲಾರದು. ಅದು ಕೋಣೆಯಲ್ಲಿ ತುಂಬಿಕೊಂಡು, ಕಾಂಡಗಳು ಬೆರಳುದ್ದ ಬೆಳೆದು ಕೊಡೆಗಳು ಗುಂಡಿಯಷ್ಟಾದುವು. ಹುಳಿತ ಚೀಲಗಳ ವಾಸನೆಯೂ ಮನೆಯವರ ಮೂಗಿಗೆ ತಿಳಿಯದೆ, ಹಸಿರು ಬೂಷ್ಟು ಸಾಲಿಗೆ ಸಾಲು ಹಬ್ಬಿತು.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಕೋಣೆಯಲ್ಲಿ 800 ಘನ ಅಡಿ ಗಾಳಿಯಿರುವುದು. ಹತ್ತು ನಿಮಿಷಕ್ಕೊಮ್ಮೆ ಇದು ಬದಲಾಗಬೇಕಾದರೆ ನಿಮಿಷಕ್ಕೆ 80 ಘನ ಅಡಿ ಹೊರಗೆ ಹೋಗಬೇಕು. ಇದಕ್ಕೆ ಎರಡು ಅಡಿ ಚೌಕದ, ಎರಡು ಅಂಗುಲ ಆಳದ ಮರದ ಚೌಕಟ್ಟು ಸಾಕು. ಕೆಳಗೆ ಸೊಳ್ಳೆಯ ಜಾಲರಿಯನ್ನು ಬಿಗಿದು, ಅದು ಜೋಲದಂತೆ ಎರಡು ಪಟ್ಟಿಗಳನ್ನು ಅಡ್ಡಲಾಗಿ ಹೊಡೆಯಬೇಕು. ಇದ್ದಲನ್ನು ಜೋಳದ ಕಾಳಿಗಿಂತ ದೊಡ್ಡದಾಗಿ, ಕಡಲೆ ಕಾಳಿನಷ್ಟಕ್ಕೆ ಒಡೆದು, ಜರಡಿಯಾಡಿ, ಧೂಳು ಹೋಗುವಂತೆ ತೊಳೆದು, ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಿ ತುಂಬತಕ್ಕದ್ದು. ಐದಾರು ಕಿಲೋ ಹಿಡಿಯುವುದು. ಮೇಲೆ ಇನ್ನೊಂದು ಜಾಲರಿಯನ್ನು ಹೊಡೆಯಿರಿ.

ಗೋಡೆಯಲ್ಲಿ ಆರು ಅಂಗುಲದ ಸಣ್ಣ ಫ್ಯಾನನ್ನು ಕೂರಿಸಿ, ಹೊರಗಡೆ ಸೂರಿನ ಕೆಳಗೆ ಒಂದು ಅಡಿ ಆಳದ ಹಲಗೆಯ ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಬೇಕು. ಪೆಟ್ಟಿಗೆಯ ಮೇಲ್ಮುಖಕ್ಕೆ ಇದ್ದಲಿನ ಚೌಕಟ್ಟನ್ನು ಮಲಗಿಸಿದರೆ ಗಾಳಿಯು ಕೆಳಗಿನಿಂದ ಮೇಲಕ್ಕೆ ಹಾಯುವುದು. ಚೌಕಟ್ಟನ್ನು ನಿಲ್ಲಿಸಿದರೆ ಇದ್ದಲು ಕುಸಿದು ಮೇಲ್ತುದಿಯಲ್ಲಿ ಸಂದು ಬಿಡುವುದು. ಗಾಳಿಯೆಲ್ಲವೂ ಆ ಸಂದಿನಿಂದಲೇ ಸೋಸದೆ ಹೋಗುವುದು. ಸುತ್ತಲ ಬಿರುಕುಗಳಿಗೆ ಜೇಡಿಮಣ್ಣು ಮೆತ್ತಿ, ಕೋಣೆಯ ತೇವವು ಪೆಟ್ಟಿಗೆಯಲ್ಲಿ ನೀರಾಗಿ ನಿಲ್ಲದಂತೆ ತಳದಲ್ಲಿ ಸಣ್ಣದೊಂದು ತೂತನ್ನು ಕೊರೆಯಿರಿ. ಫ್ಯಾನಿನ ವೇಗವು ಮಂದವಾಗಿರಲಿ. ವೇಗವಾಗಿ ಓಡುವ ಗಾಳಿಗೆ ಇದ್ದಲಿನಲ್ಲಿ ತಂಗುವ ಅವಕಾಶವಿಲ್ಲ. ಮೇಲೆ ಹೇಳಿದ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡಿನಷ್ಟು ಕಾಲ ಒಳಗಿರುವುದು. ಬಾಗಿಲ ಸಂದಿನಲ್ಲಿ ಊದಿನಕಡ್ಡಿಯನ್ನು ಹಿಡಿದಾಗ ಹೊಗೆಯು ಕೋಣೆಯ ಒಳಕ್ಕೆ ಎಳೆಯಲ್ಪಟ್ಟರೆ ಏರ್ಪಾಡು ಸರಿಯಾಗಿದೆಯೆಂದು ತಿಳಿಯಬಹುದು.

ಕೋಣೆಯ ಒಳಮಗ್ಗುಲಲ್ಲಿ ಫ್ಯಾನಿನ ಮುಂದೆ ಹಳೆಯ ಪಂಚೆಯ ಎರಡು ಪದರವನ್ನು ಎರಡು ಅಡಿ ಚೌಕಟ್ಟಿಗೆ ಬಿಗಿದು ಇಡತಕ್ಕದ್ದು. ಅಣಬೆಯು ಉದುರಿಸುವ ಬೀಜಧೂಳಿನ ಬಹುಭಾಗವನ್ನು ಬಟ್ಟೆಯು ಹಿಡಿಯುವುದು. ಇಲ್ಲದಿದ್ದರೆ ಇದ್ದಲಿನ ರಂಧ್ರಗಳು ಬೇಗನೆ ಮುಚ್ಚಿಹೋಗುವುವು. ವಾರಕ್ಕೆರಡು ಬಾರಿ ಒಗೆಯಬೇಕು. ಈ ಧೂಳಿನಿಂದ ಕೆಲವರಿಗೆ ಕೆಮ್ಮು, ದಮ್ಮು ಬರುವುದುಂಟು. ಕೊಡೆಯ ಅಂಚು ಮೇಲಕ್ಕೆ ಮಡಿಯುವ ಮೊದಲೇ ಅಣಬೆಯನ್ನು ಕೀಳುವುದೂ, ಕೀಳುವವರು ಮೂಗಿಗೆ ಬಟ್ಟೆ ಕಟ್ಟುವುದೂ ಅವಶ್ಯಕ.

ಅಣಬೆಗೆ ನೂರಕ್ಕೆ 80ಕ್ಕಿಂತ ಮಿಗಿಲಾದ ತೇವಾಂಶವು ಬೇಕು. ಆದರೆ ತೇವವು ಇದ್ದಲಿನ ರಂಧ್ರಗಳನ್ನು ಆಕ್ರಮಿಸಿ ಅದರ ಶಕ್ತಿಯನ್ನು ಕುಗ್ಗಿಸುವುದು. ಆದುದರಿಂದ ದಿನಗಳ ಲೆಕ್ಕವನ್ನು ನಂಬದೆ, ಬೆಳಗ್ಗೆ ಹೊರಗಿನಿಂದ ಬಂದು ಪೆಟ್ಟಿಗೆಯ ಮೇಲೆ ಮೂಸಿ ನೋಡಿರಿ. ವಾಸನೆಯು ಬಂದರೆ ಇದ್ದಲನ್ನು ಬದಲಾಯಿಸಿ, ಹಳೆಯದನ್ನು ಪುಡಿಮಾಡಿ ಗೊಬ್ಬರದ ಗುಂಡಿಗೆ ಹಾಕಬಹುದು. ಹೊಸದಾಗಿ ಸುಟ್ಟ ಇದ್ದಲು ತಾನಾಗಿಯೇ ಹೊತ್ತಿಕೊಳ್ಳುವ ಸಂಭವವಿರುವುದರಿಂದ ಅದನ್ನು ಒಂದೆರಡು ದಿನ ಬಯಲಿನಲ್ಲಿ ಹರಡಿ ಆರಿಸಿದ ಮೇಲೆಯೇ ಮನೆಯೊಳಗೆ ತರತಕ್ಕದ್ದು.

ದನದ ಕೊಟ್ಟಿಗೆಗೂ ಇದನ್ನು ಹೂಡಬಹುದೇ ಎಂದು ಕೆಲವರು ಕೇಳಿರುವರು. ಗಂಜಳದಿಂದೇಳುವ ಅಮೋನಿಯಾ ವಾಯುವನ್ನು ಸಾಧಾರಣ ಇದ್ದಲು ಬಹಳ ಸ್ವಲ್ಪವೇ ಹಿಡಿಯುವುದು. ಅಲ್ಲಿಗೆ ಇಳಿಜಾರಾದ ನೆಲವೂ, ಗಂಜಳದ ಕಾಲುವೆಯೂ, ದಿನವೂ ಬದಲಾಯಿಸುವ ಒಣ ಹುಲ್ಲಿನ ಹಾಸೂ ಬೇಕು.